ವೃದ್ಧಾಶ್ರಮದೊಳಗಿನ ಒಂದು ದಿನ: ಒಳ್ಳೆಯ ಆರೈಕೆ ಎಂದರೇನು, ಅದನ್ನು ಗುರುತಿಸುವುದು ಹೇಗೆ?

"ಹಿರಿಯರನ್ನು ಚೆನ್ನಾಗಿ ನೋಡಿಕೊಳ್ಳುವ ಜಾಗ ಯಾವುದಾದರೂ ಗೊತ್ತಿದೆಯೇ?" ಈ ಪ್ರಶ್ನೆಯನ್ನು ಈಗ ಬೆಂಗಳೂರಿನವರಷ್ಟೇ ಅಲ್ಲ, ಶಿವಮೊಗ್ಗ, ಉಡುಪಿ, ಧಾರವಾಡದವರೂ ಕೇಳುತ್ತಿದ್ದಾರೆ. ಮಕ್ಕಳು ದೂರದ ಊರಿನಲ್ಲೋ ವಿದೇಶದಲ್ಲೋ ಇರುತ್ತಾರೆ. ಹತ್ತಿರವಿದ್ದರೂ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿರುತ್ತಾರೆ. ಅಪ್ಪನಿಗೆ ಪಾರ್ಶ್ವವಾಯು ಬಡಿದಾಗ, ಅಮ್ಮ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಆಸ್ಪತ್ರೆಯವರು ಡಿಸ್ಚಾರ್ಜ್ ಬರೆಯುವ ಹೊತ್ತಿಗೆ ಈ ಪ್ರಶ್ನೆ ಏಕಾಏಕಿ ಎದುರು ಬಂದು ನಿಲ್ಲುತ್ತದೆ. ಯೋಚಿಸಲು ಸಮಯವೇ ಇರುವುದಿಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯ ಅಂದಾಜಿನಂತೆ 2050ರ ವೇಳೆಗೆ ಭಾರತೀಯರಲ್ಲಿ ಐವರಲ್ಲಿ ಒಬ್ಬರು ಅರವತ್ತು ದಾಟಿರುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಈ ಬದಲಾವಣೆ ಇನ್ನೂ ಬೇಗ ನಡೆಯುತ್ತಿದೆ. ಆದ್ದರಿಂದ ಈ ವಿಷಯ ಯಾವುದೋ ನಾಲ್ಕು ಮನೆಗಳ ಸಂಕಟವಾಗಿ ಉಳಿದಿಲ್ಲ.

ಜಾಗ ನೋಡಲು ಹೋದವರು ಸಾಮಾನ್ಯವಾಗಿ ಕಟ್ಟಡ ನೋಡುತ್ತಾರೆ, ಲಿಫ್ಟ್ ಇದೆಯೇ ಎಂದು ಕೇಳುತ್ತಾರೆ, ತೋಟದಲ್ಲಿ ಒಂದು ಸುತ್ತು ಹಾಕಿ ಬರುತ್ತಾರೆ. ಅಲ್ಲಿ ಉಳಿಯುವವರಿಗೆ ಮುಖ್ಯವಾಗುವುದು ಬೇರೆಯೇ. ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ, ಶೌಚಕ್ಕೆ ಹೋಗಬೇಕೆಂದರೆ ಎಷ್ಟು ಹೊತ್ತು ಕಾಯಬೇಕು, ಅನ್ನ ತಿನ್ನಿಸುವವರು ಕೂತು ತಿನ್ನಿಸುತ್ತಾರೋ ನಿಂತೋ, ರಾತ್ರಿ ಕರೆದರೆ ಯಾರಾದರೂ ಬರುತ್ತಾರೋ ಇಲ್ಲವೋ? ಆರೈಕೆಯ ಗುಣಮಟ್ಟ ಈ ಸಣ್ಣ ಸಂಗತಿಗಳಲ್ಲಿದೆ. ಅವುಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

## ಎಲ್ಲ ವೃದ್ಧಾಶ್ರಮಗಳೂ ಒಂದೇ ಅಲ್ಲ

ಹಿರಿಯರು ವಾಸಿಸುವ ಸಂಸ್ಥೆಗಳಲ್ಲಿ ಹಲವು ಬಗೆಗಳಿವೆ. ಆಸರೆಯಿಲ್ಲದ ಬಡವರಿಗಾಗಿ ಸರ್ಕಾರದ ಅನುದಾನದಲ್ಲೋ ದಾನಿಗಳ ನೆರವಿನಲ್ಲೋ ನಡೆಯುವ ಉಚಿತ ವೃದ್ಧಾಶ್ರಮಗಳು ಒಂದು ಬಗೆ. ತಿಂಗಳಿಗೆ ಇಷ್ಟು ಎಂದು ಹಣ ಪಡೆದು ಊಟ, ವಸತಿ ಕೊಡುವವು ಇನ್ನೊಂದು. ಓಡಾಡಿಕೊಂಡಿರುವ ಹಿರಿಯರು ಮನೆ ಕೊಂಡೋ ಬಾಡಿಗೆಗೆ ಪಡೆದೋ ಇರುವ ಹಿರಿಯರ ವಸತಿ ಸಮುಚ್ಚಯಗಳು ಮೂರನೆಯವು. ಇವುಗಳಿಗಾಗಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿತು. ಹಾಸಿಗೆ ಹಿಡಿದವರನ್ನು, ಮರೆವಿನ ಕಾಯಿಲೆ ಇರುವವರನ್ನು ಹಗಲು ರಾತ್ರಿ ನೋಡಿಕೊಳ್ಳುವ ಆರೈಕೆ ಕೇಂದ್ರಗಳು ನಾಲ್ಕನೆಯ ಬಗೆ.

ಅಮೆರಿಕ, ಬ್ರಿಟನ್ನಿನಲ್ಲಿರುವ ಕನ್ನಡಿಗರು ನರ್ಸಿಂಗ್ ಹೋಂ ಎಂದಾಗ ಅವರ ಮನಸ್ಸಿನಲ್ಲಿರುವುದು ಈ ನಾಲ್ಕನೆಯ ಬಗೆ. ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಂ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಣ್ಣ ಅಲ್ಲಿಂದ, ತಂಗಿ ಇಲ್ಲಿಂದ ಫೋನಿನಲ್ಲಿ ಮಾತನಾಡುವಾಗ ಇದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು.

ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಒಂದು, ಅದರಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವಂತೆ ರಾಜ್ಯ ಸರ್ಕಾರ ವೃದ್ಧಾಶ್ರಮಗಳನ್ನು ಸ್ಥಾಪಿಸಬಹುದು ಎಂದು ಅದರ 19ನೇ ಕಲಂ ಹೇಳುತ್ತದೆ. 'ಸ್ಥಾಪಿಸಬೇಕು' ಎಂದು ಹೇಳುವುದಿಲ್ಲ. ಕಡ್ಡಾಯವಿಲ್ಲದ ಕಾರಣ ಎಷ್ಟೋ ಕಡೆ ಈ ಹೊಣೆಯನ್ನು ಸ್ವಯಂಸೇವಾ ಸಂಸ್ಥೆಗಳೇ ಹೊತ್ತಿವೆ.

## ನಿಮ್ಮವರಿಗೆ ಎಷ್ಟು ನೆರವು ಬೇಕು?

"ಅಮ್ಮನಿಗೆ ಮೊದಲಿನಷ್ಟು ಆಗುವುದಿಲ್ಲ" ಎಂದರೆ ಆರೈಕೆ ಕೇಂದ್ರದವರಿಗೆ ಏನೂ ತಿಳಿಯುವುದಿಲ್ಲ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಒಂದು ಸರಳ ಅಳತೆ ಕೊಟ್ಟರು. ಅದು ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಅವರು ಆರಿಸಿಕೊಂಡದ್ದು ದಿನನಿತ್ಯದ ಆರು ಸಂಗತಿಗಳನ್ನು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹಿಡಿತ, ಊಟ. ಇವುಗಳಲ್ಲಿ ಯಾವುದನ್ನು ತಾವೇ ಮಾಡಿಕೊಳ್ಳುತ್ತಾರೆ, ಯಾವುದಕ್ಕೆ ಇನ್ನೊಬ್ಬರ ಕೈ ಬೇಕು ಎಂದು ಗುರುತು ಮಾಡಿಕೊಂಡರೆ ಸಾಕು, ಎಂಥ ಜಾಗ ಬೇಕು ಎಂಬುದು ಮುಕ್ಕಾಲು ಭಾಗ ಸ್ಪಷ್ಟವಾಗುತ್ತದೆ. ಸ್ನಾನಕ್ಕೆ ಮಾತ್ರ ಸಹಾಯ ಬೇಕಾದವರಿಗೂ ಆರಕ್ಕೂ ಸಹಾಯ ಬೇಕಾದವರಿಗೂ ಒಂದೇ ಮನೆ ಹೊಂದುವುದಿಲ್ಲ.

ಈ ಪಟ್ಟಿಯನ್ನು ಮನೆಯವರು ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಸೇರಿಸಿಕೊಳ್ಳುವ ಮೊದಲು ಕೇಂದ್ರದವರೇ ಬಂದು ಇದನ್ನೆಲ್ಲ ಕೇಳಿ ಬರೆದುಕೊಂಡರೆ ಅದೊಂದು ಒಳ್ಳೆಯ ಗುರುತು. ಏನನ್ನೂ ಕೇಳದೆ "ಕರೆದುಕೊಂಡು ಬನ್ನಿ, ನಾವು ನೋಡಿಕೊಳ್ಳುತ್ತೇವೆ" ಎನ್ನುವವರ ಬಗ್ಗೆ ಎಚ್ಚರವಿರಲಿ.

ಇಲ್ಲಿಯೇ ಆರೈಕೆಯ ಅತಿ ಮುಖ್ಯವಾದ ತತ್ವವೂ ಅಡಗಿದೆ. ಕೈ ನಡುಗುವ ಅಜ್ಜಿಗೆ ರವಿಕೆಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕು. ಸಹಾಯಕಿ ಹಾಕಿದರೆ ಒಂದೇ ನಿಮಿಷ. ಅವಸರದಲ್ಲಿರುವ ಸಹಾಯಕಿ ತಾನೇ ಹಾಕಿಬಿಡುತ್ತಾಳೆ. ದಿನವೂ ಹೀಗೇ ನಡೆದರೆ ಕೆಲವು ವಾರಗಳಲ್ಲಿ ಆ ಬೆರಳುಗಳಿಗೆ ಇದ್ದ ಶಕ್ತಿಯೂ ಹೋಗುತ್ತದೆ. ಗಾಲಿಕುರ್ಚಿಯ ವಿಷಯದಲ್ಲಿಯೂ ಇದೇ ಆಗುತ್ತದೆ. ಊಟದ ಮನೆಯವರೆಗೆ ನಿಧಾನವಾಗಿ ನಡೆಯಬಲ್ಲ ಅಜ್ಜನನ್ನು ಬೇಗ ಆಗಲೆಂದು ಕುರ್ಚಿಯಲ್ಲಿ ತಳ್ಳಿಕೊಂಡು ಹೋದರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ವಯಸ್ಸಾದ ಮೇಲೆ ಕಳೆದುಕೊಂಡ ಸ್ನಾಯುಬಲ ಮರಳಿ ಪಡೆಯುವುದು ಬಹಳ ಕಷ್ಟ. ಆದ್ದರಿಂದ ಪಕ್ಕದಲ್ಲಿ ನಿಂತು, ಕಾಯ್ದು, ಆಗದಿದ್ದಷ್ಟಕ್ಕೆ ಮಾತ್ರ ಕೈ ಹಾಕುವವರೇ ಬಲ್ಲ ಆರೈಕೆದಾರರು.

## ಗಡಿಯಾರ ಯಾರ ಅನುಕೂಲಕ್ಕೆ?

ಸಂಸ್ಥೆ ಎಂದ ಮೇಲೆ ಒಂದು ವೇಳಾಪಟ್ಟಿ ಬೇಕು, ನಿಜ. ಆದರೆ ಅನೇಕ ಕಡೆ ಆ ವೇಳಾಪಟ್ಟಿ ರೂಪುಗೊಳ್ಳುವುದು ಸಿಬ್ಬಂದಿಯ ಪಾಳಿಯಿಂದ. ರಾತ್ರಿ ಪಾಳಿಯವರು ಹೋಗುವ ಮುನ್ನ ಎಲ್ಲರ ಸ್ನಾನ ಮುಗಿಯಬೇಕೆಂದು ಬೆಳಗಿನ ಜಾವವೇ ಎಬ್ಬಿಸುತ್ತಾರೆ. ಅಡುಗೆಯವರು ಮನೆಗೆ ಹೋಗಬೇಕೆಂದು ಸಂಜೆ ಆರಕ್ಕೆ ರಾತ್ರಿಯ ಊಟ, ಏಳಕ್ಕೆ ದೀಪ ಆರಿಸುವುದು. ಏಳಕ್ಕೆ ಮಲಗಿದವರಿಗೆ ನಡುರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ. ಆಗ ಎದ್ದು ಓಡಾಡಿದರೆ, ಮಾತನಾಡಿದರೆ "ರಾತ್ರಿ ತುಂಬಾ ಗಲಾಟೆ ಮಾಡುತ್ತಾರೆ" ಎಂಬ ದೂರು ಮನೆಯವರಿಗೆ ಹೋಗುತ್ತದೆ. ಅದರ ಬೆನ್ನಿಗೇ ನಿದ್ದೆ ಮಾತ್ರೆ ಬರುತ್ತದೆ. ಮಾತ್ರೆಯ ಮಂಪರಿನಲ್ಲಿ ಬೆಳಿಗ್ಗೆ ಎದ್ದವರು ಬೀಳುತ್ತಾರೆ. ಈ ಇಡೀ ಸರಪಳಿಯ ಮೊದಲ ಕೊಂಡಿ ಸಂಜೆ ಆರರ ಊಟ.

ದಿನದ ಸಣ್ಣ ತೀರ್ಮಾನಗಳು ಕೈತಪ್ಪಿದಾಗ ಮನುಷ್ಯ ಹೇಗೆ ಕುಗ್ಗುತ್ತಾನೆ ಎಂಬುದರ ಬಗ್ಗೆ 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ನರ್ಸಿಂಗ್ ಹೋಂನಲ್ಲಿ ಒಂದು ಮಹಡಿಯವರಿಗೆ "ನಿಮ್ಮ ದಿನವನ್ನು ಹೇಗೆ ಕಳೆಯಬೇಕೆಂದು ನೀವೇ ನಿರ್ಧರಿಸಿ" ಎಂದು ಹೇಳಿ, ಬೇಕಾದ ಗಿಡವೊಂದನ್ನು ಆರಿಸಿಕೊಂಡು ಅವರೇ ನೀರು ಹಾಕಿ ಬೆಳೆಸುವಂತೆ ಕೊಟ್ಟರು. ಇನ್ನೊಂದು ಮಹಡಿಯವರಿಗೆ "ನಿಮ್ಮನ್ನು ಸಂತೋಷವಾಗಿಡುವುದು ನಮ್ಮ ಹೊಣೆ" ಎಂದು ಹೇಳಿ, ಗಿಡ ಕೊಟ್ಟು, ಅದಕ್ಕೆ ನೀರು ಹಾಕುವ ಕೆಲಸವನ್ನು ದಾದಿಯರಿಗೆ ವಹಿಸಿದರು. ತಾವೇ ನಿರ್ಧರಿಸುತ್ತಿದ್ದವರು ಕೆಲವೇ ವಾರಗಳಲ್ಲಿ ಹೆಚ್ಚು ಚುರುಕಾಗಿ, ಹೆಚ್ಚು ಗೆಲುವಾಗಿ ಕಂಡರು. ಅದು ಸಣ್ಣ ಅಧ್ಯಯನ, ಅದೊಂದರಿಂದಲೇ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೂ ಹಿರಿಯರ ಆರೈಕೆಯ ಕುರಿತ ಚರ್ಚೆಯ ದಿಕ್ಕನ್ನು ಅದು ಬದಲಿಸಿತು.

ಆಯ್ಕೆ ಎಂದರೆ ದೊಡ್ಡ ಸಂಗತಿಗಳೇ ಆಗಬೇಕಿಲ್ಲ. ಎದ್ದ ಕೂಡಲೇ ಕಾಫಿಯೋ ಸ್ನಾನದ ನಂತರವೋ? ಯಾವ ಸೀರೆ? ಪಕ್ಕದಲ್ಲಿ ಯಾರು ಕೂರಬೇಕು? ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಒಬ್ಬರೇ ಇರಬಹುದೇ? ಅರವತ್ತು ವರ್ಷ ದೀಪ ಹಚ್ಚಿ ನಮಸ್ಕರಿಸಿ ಊಟ ಮಾಡಿದವರಿಗೆ ಒಂದು ಪುಟ್ಟ ದೇವರ ಪಟ ಇಟ್ಟುಕೊಳ್ಳಲು ಜಾಗ ಸಿಗುತ್ತದೆಯೇ? ಕುರಾನ್ ಓದುವವರಿಗೆ, ಭಾನುವಾರ ಪ್ರಾರ್ಥನೆಗೆ ಹೋಗಬೇಕೆನ್ನುವವರಿಗೆ ಅವಕಾಶವಿದೆಯೇ? ಮೀನಿಲ್ಲದೆ ಊಟವೇ ಸೇರದ ಕರಾವಳಿಯವರಿಗೆ ಅಲ್ಲಿಯ ಅಡುಗೆ ಹಿಡಿಸುತ್ತದೆಯೇ? ಇವನ್ನು ಕೇಳಲು ಸಂಕೋಚಪಡಬಾರದು.

## ತಟ್ಟೆ ಮತ್ತು ಲೋಟ

ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ. ದೇಹಕ್ಕೆ ನೀರು ಬೇಕಿದ್ದರೂ ಬೇಕು ಅನ್ನಿಸುವುದಿಲ್ಲ. ರಾತ್ರಿ ಏಳಬೇಕಾಗುತ್ತದೆ, ಯಾರನ್ನಾದರೂ ಕರೆಯಬೇಕಾಗುತ್ತದೆ ಎಂದು ಬೇಕೆಂದೇ ನೀರು ಕುಡಿಯದವರೂ ಇದ್ದಾರೆ. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು, ತಲೆ ಸುತ್ತಿ ಬೀಳುವುದು, ಹಠಾತ್ತಾಗಿ ಬರುವ ಗೊಂದಲ ಎಲ್ಲವೂ ಹೆಚ್ಚುತ್ತವೆ. ನಿನ್ನೆಯವರೆಗೆ ಸರಿಯಿದ್ದ ಅಜ್ಜ ಇವತ್ತು ಯಾರನ್ನೂ ಗುರುತಿಸುತ್ತಿಲ್ಲ ಎಂದರೆ ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗಬಾರದು. ಸೋಂಕೋ ನೀರಿನ ಕೊರತೆಯೋ ಹೊಸ ಔಷಧಿಯೋ ಕಾರಣವಾಗಿರಬಹುದು, ತಕ್ಷಣ ವೈದ್ಯರು ನೋಡಬೇಕು. ಒಳ್ಳೆಯ ಕೇಂದ್ರದಲ್ಲಿ ಮಜ್ಜಿಗೆ, ಎಳನೀರು, ಗಂಜಿ, ಸಾರು ಹೀಗೆ ನಾನಾ ರೂಪದಲ್ಲಿ ದ್ರವ ಪದಾರ್ಥ ಕೊಡುತ್ತಲೇ ಇರುತ್ತಾರೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ವೈದ್ಯರು ಹೇಳಿದ ಮಿತಿ ಇರುತ್ತದೆ.

ಊಟದ ವಿಷಯದಲ್ಲಿ ಗಮನಿಸಬೇಕಾದದ್ದು ಪ್ರೋಟೀನ್. ಹಿರಿಯರ ಪೋಷಣೆಯ ತಜ್ಞರು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಕನಿಷ್ಠ ಒಂದು ಗ್ರಾಂ ಪ್ರೋಟೀನ್ ಇರಲಿ ಎನ್ನುತ್ತಾರೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅನ್ನ ಎಂಬ ಪಟ್ಟಿಯಲ್ಲಿ ಅದು ಸಿಗುವುದು ಕಷ್ಟ. ಬೇಳೆ, ಕಾಳು, ಮೊಸರು, ಮೊಟ್ಟೆ ಎಷ್ಟು ಬಾರಿ ಬರುತ್ತವೆ ಎಂದು ಕೇಳಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡುವ ಪದ್ಧತಿ ಇದ್ದರೆ ಸೊರಗುತ್ತಿರುವುದು ಬೇಗ ತಿಳಿಯುತ್ತದೆ.

ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇರುವ ಹಲವರಿಗೆ ನುಂಗುವುದೇ ತೊಡಕು. ನೀರಿನಂಥ ತೆಳು ದ್ರವ ತಪ್ಪಿ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು. ಅಂಥವರನ್ನು ಮಲಗಿಸಿಕೊಂಡು ತಿನ್ನಿಸಲೇಬಾರದು. ನೇರವಾಗಿ ಕೂರಿಸಿ, ಸಣ್ಣ ಸಣ್ಣ ತುತ್ತು ಕೊಟ್ಟು, ನುಂಗಿದ್ದು ಖಾತ್ರಿಯಾದ ಮೇಲೆ ಮುಂದಿನ ತುತ್ತು. ಊಟವಾದ ಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಇದಕ್ಕೆ ತಾಳ್ಮೆ ಬೇಕು, ತಾಳ್ಮೆಗೆ ಸಮಯ ಬೇಕು, ಸಮಯಕ್ಕೆ ಸಿಬ್ಬಂದಿ ಬೇಕು.

ಕನ್ನಡಕ, ಹಲ್ಲಿನ ಸೆಟ್, ಶ್ರವಣ ಸಾಧನ ಎಂಬ ಮೂರು ಸಣ್ಣ ವಸ್ತುಗಳ ಬಗ್ಗೆಯೂ ಒಂದು ಮಾತು. ಇವು ವೃದ್ಧಾಶ್ರಮಗಳಲ್ಲಿ ಕಳೆಯುತ್ತಲೇ ಇರುತ್ತವೆ, ಬದಲಾಗುತ್ತಿರುತ್ತವೆ. ಶ್ರವಣ ಸಾಧನದ ಬ್ಯಾಟರಿ ಮುಗಿದದ್ದನ್ನು ಯಾರೂ ಗಮನಿಸದಿದ್ದರೆ ಆ ಹಿರಿಯರು ವಾರಗಟ್ಟಲೆ ಯಾರ ಮಾತೂ ಕೇಳದೆ ಕೂರುತ್ತಾರೆ. "ಅವರು ಯಾರೊಂದಿಗೂ ಬೆರೆಯುವುದಿಲ್ಲ" ಎಂಬ ಷರಾ ಬೀಳುತ್ತದೆ. ಮೂರಕ್ಕೂ ಹೆಸರು ಬರೆದು ಅಂಟಿಸಿ ಕೊಡಿ, ಪ್ರತಿ ಭೇಟಿಯಲ್ಲಿಯೂ ವಿಚಾರಿಸಿ.

## ಶೌಚ, ಚರ್ಮ, ಹಾಸಿಗೆ ಹುಣ್ಣು

ಯಾರೂ ಬಾಯಿಬಿಟ್ಟು ಮಾತನಾಡದ ವಿಷಯ ಇದು. ಆದರೆ ಹಿರಿಯರ ಮಾನ ನಿಂತಿರುವುದು ಇಲ್ಲಿಯೇ. ಶೌಚಾಲಯಕ್ಕೆ ಕರೆದುಕೊಂಡು ಹೋದರೆ ಹೋಗಬಲ್ಲವರಿಗೂ ಕೆಲಸ ಸುಲಭವಾಗಲೆಂದು ಡಯಾಪರ್ ಹಾಕಿ, "ಅದರಲ್ಲೇ ಮಾಡಿ" ಎನ್ನುವ ಅಭ್ಯಾಸ ಹಲವೆಡೆ ಇದೆ. ಕೆಲವು ತಿಂಗಳಲ್ಲಿ ನಿಜವಾಗಿಯೂ ಹಿಡಿತ ತಪ್ಪುತ್ತದೆ. ಇದಕ್ಕೆ ಬದಲಾಗಿ ಎರಡು ಮೂರು ಗಂಟೆಗೊಮ್ಮೆ ತಾವಾಗಿಯೇ ಹೋಗಿ ಕೇಳಿ, ಕರೆದುಕೊಂಡು ಹೋಗುವ ಕ್ರಮವಿದ್ದರೆ ಡಯಾಪರಿನ ಅಗತ್ಯವೇ ಎಷ್ಟೋ ಮಂದಿಗೆ ತಪ್ಪುತ್ತದೆ. ಬೇಕೇಬೇಕಾದವರಿಗೆ ದಿನಕ್ಕೆ ಇಂತಿಷ್ಟೇ ಎಂಬ ಲೆಕ್ಕವಿರದೆ, ಒದ್ದೆಯಾದಾಗ ಬದಲಿಸುವಂತಿರಬೇಕು.

ಹಾಸಿಗೆ ಹುಣ್ಣು ಆಗುವುದು ಹೇಗೆ? ಗಿಡಕ್ಕೆ ನೀರು ಬಿಡುವ ಪೈಪಿನ ಮೇಲೆ ಕಾಲಿಟ್ಟು ನಿಂತರೆ ನೀರು ಮುಂದೆ ಹೋಗದು, ಆಚೆಯ ಗಿಡ ಬಾಡುತ್ತದೆ. ಒಂದೇ ಭಂಗಿಯಲ್ಲಿ ಮಲಗಿದವರಲ್ಲಿ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿಕೊಂಡ ಸಣ್ಣ ರಕ್ತನಾಳಗಳಿಗೂ ಹಾಗೆಯೇ ಆಗುತ್ತದೆ. ರಕ್ತ ಸಿಗದ ಚರ್ಮ ಸಾಯುತ್ತದೆ. ಸೊಂಟದ ಕೆಳಗಿನ ಭಾಗ, ಪೃಷ್ಠದ ಪಕ್ಕ, ಹಿಮ್ಮಡಿ, ಇವು ಮೊದಲು ಹಾಳಾಗುವ ಜಾಗಗಳು. ಒದ್ದೆ, ಉಜ್ಜುವಿಕೆ, ಪ್ರೋಟೀನ್ ಕೊರತೆ ಸೇರಿದರೆ ಇನ್ನೂ ಬೇಗ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮ ಒಣಗಿಸಿಡುವುದು, ದಿನವೂ ನೋಡುವುದು ಇದಕ್ಕೆ ತಡೆ. ಗಾಳಿ ಹಾಸಿಗೆ ಸಹಾಯ ಮಾಡುತ್ತದೆ, ಆದರೆ ಅದನ್ನು ಹಾಕಿಬಿಟ್ಟರೆ ಮಗ್ಗುಲು ಬದಲಿಸುವುದು ಬೇಡ ಎಂದು ಅರ್ಥವಲ್ಲ. ಬಿಳಿ ಚರ್ಮದಲ್ಲಿ ಮೊದಲು ಕೆಂಪು ಕಾಣುತ್ತದೆ. ನಮ್ಮ ಮೈಬಣ್ಣದಲ್ಲಿ ಅದು ಸುಲಭವಾಗಿ ಕಾಣದು. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು.

ಮಗ್ಗುಲು ಬದಲಿಸಿದ ಸಮಯವನ್ನು ಬರೆದಿಡುವ ಹಾಳೆ ಹಾಸಿಗೆಯ ಬಳಿ ಇದೆಯೇ ಎಂದು ನೋಡಿ. ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ ಇಡೀ ವಾರದ ಲೆಕ್ಕ ಒಟ್ಟಿಗೆ ತುಂಬಿದ್ದರೆ ಅದನ್ನು ನಂಬಬೇಡಿ.

## ಬೀಳದಿರಲೆಂದು ಕಟ್ಟಿಹಾಕಬಹುದೇ?

ಹಿರಿಯರು ಬಿದ್ದರೆ ಮನೆಯವರು ಕೇಂದ್ರದ ಮೇಲೆ ಹರಿಹಾಯುತ್ತಾರೆ. ಆ ಭಯಕ್ಕೆ ಕೇಂದ್ರದವರು ಕುರ್ಚಿಗೆ ಪಟ್ಟಿ ಕಟ್ಟುತ್ತಾರೆ, ಮಂಚದ ಎರಡೂ ಕಡೆ ಕಂಬಿ ಎತ್ತುತ್ತಾರೆ, ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಾರೆ. ನೋಡುವವರಿಗೆ ಇದು ಸುರಕ್ಷತೆ ಅನ್ನಿಸುತ್ತದೆ. ಆದರೆ ಕಂಬಿ ಹತ್ತಿ ದಾಟಲು ಹೋದವರು ಇನ್ನೂ ಎತ್ತರದಿಂದ ಬೀಳುತ್ತಾರೆ. ಪಟ್ಟಿಯಲ್ಲಿ ಸಿಕ್ಕಿಕೊಂಡು ಗಾಯವಾಗುತ್ತದೆ. ಏಳದೆ ಕೂತವರ ಕಾಲುಗಳು ಇನ್ನಷ್ಟು ದುರ್ಬಲವಾಗಿ, ಮುಂದೆ ಬೀಳುವ ಸಂಭವ ಹೆಚ್ಚುತ್ತದೆ. ಅಮೆರಿಕ 1987ರಲ್ಲಿ ನರ್ಸಿಂಗ್ ಹೋಂ ಸುಧಾರಣಾ ಕಾನೂನು ತಂದಾಗ, ಶಿಕ್ಷೆಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಹೀಗೆ ಬಂಧಿಸುವಂತಿಲ್ಲ ಎಂದು ಹೇಳಿತು. ಆಮೇಲೆ ಅಲ್ಲಿ ಕಟ್ಟಿಹಾಕುವುದು ಬಹಳ ಕಡಿಮೆಯಾಯಿತು.

ಪಟ್ಟಿಯಿಲ್ಲದೆಯೂ ಬಂಧಿಸಬಹುದು, ಔಷಧಿಯಿಂದ. ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಮಾತ್ರೆಗಳನ್ನು ಮರೆವಿನ ಕಾಯಿಲೆಯವರಿಗೆ 'ಸುಮ್ಮನಿರಲಿ' ಎಂದು ಕೊಡುವುದು ಲೋಕದೆಲ್ಲೆಡೆ ಕಂಡುಬಂದ ಸಮಸ್ಯೆ. ಇಂಥ ಮಾತ್ರೆಗಳಿಂದ ಮರೆವಿನ ಕಾಯಿಲೆಯ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ತನ್ನ ಅತಿ ಗಂಭೀರ ಎಚ್ಚರಿಕೆ ನೀಡಿತು. ಕೆಲವರಿಗೆ ಕೆಲವು ಕಾಲ ಅವು ನಿಜವಾಗಿಯೂ ಬೇಕಾಗುತ್ತವೆ. ಆದ್ದರಿಂದ ತಾವಾಗಿಯೇ ನಿಲ್ಲಿಸಬಾರದು. ಕೇಳಬೇಕಾದ ಪ್ರಶ್ನೆಗಳು ಇವು: ಯಾವ ವೈದ್ಯರು ಬರೆದರು, ಯಾವ ಕಾರಣಕ್ಕೆ, ಯಾವಾಗ ಮರುಪರಿಶೀಲಿಸುತ್ತಾರೆ? ಸೇರುವಾಗ ಮಾತನಾಡುತ್ತಿದ್ದವರು ತಿಂಗಳೊಳಗೆ ಸದಾ ತೂಕಡಿಸತೊಡಗಿದರೆ ಔಷಧಿ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳಿ.

## ಮರೆವಿನ ಕಾಯಿಲೆ ಇದ್ದಾಗ

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು. ಹೆಸರು ಮರೆಯುವುದು ಇದರ ಒಂದು ಮುಖ ಮಾತ್ರ. ಹೊತ್ತು, ಜಾಗ, ಕೆಲಸದ ಕ್ರಮ ಎಲ್ಲವೂ ಕಲಸಿಹೋಗುತ್ತವೆ. ಸಂಜೆಯಾಗುತ್ತಿದ್ದಂತೆ ಕಳವಳ ಹೆಚ್ಚಿ "ಮನೆಗೆ ಹೋಗಬೇಕು" ಎಂದು ಹೊರಟು ನಿಲ್ಲುವುದು ಸಾಮಾನ್ಯ. "ಇದೇ ನಿಮ್ಮ ಮನೆ" ಎಂದು ವಾದಿಸಿದರೆ ಕಳವಳ ಏರುತ್ತದೆ. "ಮನೆಯಲ್ಲಿ ಯಾರಿದ್ದಾರೆ, ಹೇಳಿ" ಎಂದು ಕೇಳುತ್ತಾ ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಇಳಿಯುತ್ತದೆ. ತರಬೇತಿ ಪಡೆದವರು ಮಾಡುವುದು ಇದನ್ನೇ.

ನೆದರ್ಲೆಂಡ್ಸಿನ ವೇಸ್ಪ್ ಎಂಬ ಊರಿನಲ್ಲಿರುವ ಹೋಗೆವೇಕ್ ಎಂಬ ಆರೈಕೆ ಕೇಂದ್ರ ಈ ವಿಷಯದಲ್ಲಿ ಪ್ರಸಿದ್ಧ. ಆಸ್ಪತ್ರೆಯಂಥ ವಾರ್ಡುಗಳ ಬದಲು ಅಲ್ಲಿ ಸಣ್ಣ ಮನೆಗಳು, ಬೀದಿ, ಅಂಗಡಿ, ಉದ್ಯಾನಗಳಿವೆ. ತೀವ್ರ ಮರೆವಿನವರೂ ಅದರೊಳಗೆ ಸ್ವತಂತ್ರವಾಗಿ ಓಡಾಡುತ್ತಾರೆ, ಅಡುಗೆಮನೆಯಲ್ಲಿ ಕೈಜೋಡಿಸುತ್ತಾರೆ. ಅಂಥ ಊರನ್ನೇ ಕಟ್ಟುವ ಹಣ ಎಲ್ಲರಲ್ಲಿ ಇಲ್ಲ. ಆದರೆ ಅವರೆಕಾಯಿ ಸುಲಿಯಲು, ಹೂ ಕಟ್ಟಲು, ಅಕ್ಕಿ ಆರಿಸಲು ಒಂದು ಜಗಲಿ ಸಾಕು. ಬದುಕಿಡೀ ಮಾಡಿದ ಕೆಲಸಗಳನ್ನು ಕೈ ಬೇಗ ಮರೆಯುವುದಿಲ್ಲ.

ಭಾಷೆಯ ಪ್ರಶ್ನೆ ಇಲ್ಲಿ ಬಹಳ ದೊಡ್ಡದು. ಮರೆವು ಹೆಚ್ಚಿದಂತೆ ಆಮೇಲೆ ಕಲಿತ ಭಾಷೆಗಳು ಹಿಂದೆ ಸರಿದು, ಬಾಲ್ಯದ ಮಾತೇ ಮುಂದೆ ಬರುವುದು ಹಲವರಲ್ಲಿ ಕಾಣುತ್ತದೆ. ನಲವತ್ತು ವರ್ಷ ಕಚೇರಿಯಲ್ಲಿ ಇಂಗ್ಲಿಷ್ ಬಳಸಿದವರು ತುಳುವಿಗೋ ಕೊಂಕಣಿಗೋ ಹಳ್ಳಿಯ ಕನ್ನಡಕ್ಕೋ ಮರಳುತ್ತಾರೆ. ಬೆಂಗಳೂರಿನ ಆರೈಕೆ ಕೇಂದ್ರಗಳಲ್ಲಿ ದುಡಿಯುವ ಅನೇಕ ಹುಡುಗಿಯರು, ಹುಡುಗರು ಬೇರೆ ರಾಜ್ಯಗಳಿಂದ ಬಂದವರು. ಪ್ರೀತಿಯಿಂದಲೇ ನೋಡಿಕೊಂಡರೂ "ಕಾಲು ನೋಯುತ್ತಿದೆ" ಎಂಬ ಮಾತು ಅವರಿಗೆ ಅರ್ಥವಾಗದೆ ಹೋಗಬಹುದು. ವಿದೇಶದ ಆರೈಕೆ ಕೇಂದ್ರಗಳಲ್ಲಿರುವ ಕನ್ನಡದ ಹಿರಿಯರ ಪಾಡು ಇದಕ್ಕಿಂತ ಕಷ್ಟ. ನೋವು, ನೀರು, ಶೌಚ, ಚಳಿ, ಭಯ, ಸಾಕು, ಬೇಕು ಎಂಬಂಥ ಕೆಲವು ಮಾತುಗಳನ್ನು ಉಚ್ಚಾರಣೆ ಸಹಿತ ಬರೆದು ಹಾಸಿಗೆಯ ಬಳಿ ಅಂಟಿಸಿ. ಜೊತೆಗೆ ಒಂದು ಪುಟದ ಜೀವನ ಪರಿಚಯ: ಯಾವ ಊರು, ಏನು ಕೆಲಸ ಮಾಡುತ್ತಿದ್ದರು, ಮಕ್ಕಳ ಹೆಸರು, ಇಷ್ಟದ ತಿಂಡಿ, ಯಾವುದಕ್ಕೆ ಸಿಟ್ಟು ಬರುತ್ತದೆ. ಇದನ್ನು ಓದಿದ ಸಹಾಯಕರು 'ಏಳನೇ ನಂಬರ್ ಹಾಸಿಗೆ' ಎನ್ನುವುದನ್ನು ಬಿಟ್ಟು 'ಮೇಷ್ಟ್ರೇ' ಎಂದು ಕರೆಯತೊಡಗುತ್ತಾರೆ.

## ಎಷ್ಟು ಕೈಗಳಿವೆ?

ಒಂದು ಸಣ್ಣ ಲೆಕ್ಕ ಹಾಕೋಣ. ಎದ್ದು, ಶೌಚ ಮುಗಿಸಿ, ಸ್ನಾನ ಮಾಡಿ, ಬಟ್ಟೆ ಹಾಕಿಕೊಳ್ಳಲು ಒಬ್ಬರಿಗೆ ಅರ್ಧ ಗಂಟೆಯ ನೆರವು ಬೇಕು ಎಂದುಕೊಳ್ಳಿ. ಅಂಥ ಹತ್ತು ಮಂದಿಗೆ ಐದು ಗಂಟೆ. ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ ಮುಗಿಯಬೇಕಾದರೆ ಇಬ್ಬರು ಬಿಡುವಿಲ್ಲದೆ ದುಡಿಯಬೇಕು. ಒಬ್ಬರೇ ಇದ್ದರೆ ತಲಾ ಹದಿನೈದು ನಿಮಿಷ. ಆಗ ಗುಂಡಿ ಹಾಕಿಕೊಳ್ಳಲು ಕಾಯುವವರಿಲ್ಲ, ಡಯಾಪರ್ ಬಿಚ್ಚಿ ಶೌಚಾಲಯಕ್ಕೆ ಕರೆದೊಯ್ಯುವವರಿಲ್ಲ. ಮೇಲೆ ಹೇಳಿದ ಬಹುತೇಕ ತೊಂದರೆಗಳು ಕೆಟ್ಟ ಮನಸ್ಸಿನಿಂದ ಹುಟ್ಟುವುದಿಲ್ಲ, ಈ ಲೆಕ್ಕದಿಂದ ಹುಟ್ಟುತ್ತವೆ.

ಆದ್ದರಿಂದ "ಒಟ್ಟು ಎಷ್ಟು ಸಿಬ್ಬಂದಿ ಇದ್ದಾರೆ" ಎಂದು ಕೇಳಿದರೆ ಸಾಲದು. ಅಡುಗೆಯವರು, ಕಾವಲುಗಾರರು, ಕಚೇರಿಯವರನ್ನು ಬಿಟ್ಟು, ಮೈಮುಟ್ಟಿ ನೋಡಿಕೊಳ್ಳುವವರು ಹಗಲು ಎಷ್ಟು, ರಾತ್ರಿ ಎಷ್ಟು, ಭಾನುವಾರ ಮತ್ತು ಹಬ್ಬದ ದಿನ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ಅವರಲ್ಲಿ ನರ್ಸಿಂಗ್ ಓದಿದವರು ಯಾರು, ರಾತ್ರಿ ಇರುತ್ತಾರೆಯೇ? ಸಹಾಯಕರು ಅಲ್ಲಿ ಎಷ್ಟು ಕಾಲದಿಂದ ಇದ್ದಾರೆ? ಸಂಬಳ, ನಿದ್ದೆ, ರಜೆ ಸರಿಯಾಗಿ ಸಿಗದವರು ಬಿಟ್ಟು ಹೋಗುತ್ತಿರುತ್ತಾರೆ. ಹಿರಿಯರು ತಿಂಗಳಿಗೊಮ್ಮೆ ಹೊಸ ಕೈಗಳಿಗೆ ಮೈಯೊಪ್ಪಿಸಬೇಕಾಗುತ್ತದೆ.

ಭೇಟಿಯ ಸಮಯವನ್ನೂ ಆಯ್ದುಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಕಡೆಯೂ ಅಚ್ಚುಕಟ್ಟು. ರಾತ್ರಿಯ ಊಟದ ಹೊತ್ತಿಗೆ, ಭಾನುವಾರ ಸಂಜೆ ಹೋಗಿ. ಕರೆಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ, ಹಿರಿಯರ ಜೊತೆ ಮಾತನಾಡುತ್ತಾ ಕೆಲಸ ಮಾಡುತ್ತಾರೋ ಅವರ ತಲೆಯ ಮೇಲೆ ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತಾರೋ ಗಮನಿಸಿ. ಮುಂಚೆ ತಿಳಿಸದೆ ಬರಲೇಬಾರದು ಎಂಬ ನಿಯಮವಿದ್ದರೆ ಅದಕ್ಕೆ ಕಾರಣ ಕೇಳಿ.

## ಹಣ ಮತ್ತು ಒಪ್ಪಂದ

ಜರ್ಮನಿಯಲ್ಲಿ 1995ರಿಂದ, ಜಪಾನಿನಲ್ಲಿ 2000ದಿಂದ ದೀರ್ಘಕಾಲದ ಆರೈಕೆಗೆಂದೇ ಸಾರ್ವಜನಿಕ ವಿಮೆ ಇದೆ. ಭಾರತದಲ್ಲಿ ಅಂಥದ್ದಿಲ್ಲ. 2024ರ ಅಕ್ಟೋಬರಿನಿಂದ ಎಪ್ಪತ್ತು ದಾಟಿದ ಎಲ್ಲರಿಗೂ ವಿಸ್ತರಿಸಿರುವ ಆಯುಷ್ಮಾನ್ ಭಾರತ್ ಯೋಜನೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚಕ್ಕೆ ಸಂಬಂಧಿಸಿದ್ದು, ಆರೈಕೆ ಕೇಂದ್ರದ ತಿಂಗಳ ಶುಲ್ಕಕ್ಕಲ್ಲ. ಹಾಗಾಗಿ ಬಹುತೇಕ ಕುಟುಂಬಗಳು ಕೈಯಿಂದಲೇ ಕಟ್ಟುತ್ತವೆ. ಠೇವಣಿ ಮರಳಿ ಬರುತ್ತದೆಯೇ, ಡಯಾಪರ್, ಔಷಧಿ, ಫಿಸಿಯೋಥೆರಪಿ, ಆಂಬುಲೆನ್ಸ್ ಶುಲ್ಕದೊಳಗೆ ಸೇರಿವೆಯೇ, ಆಸ್ಪತ್ರೆಯಲ್ಲಿರುವ ದಿನಗಳಿಗೂ ಕಟ್ಟಬೇಕೇ, ಆರೋಗ್ಯ ಕೆಟ್ಟರೆ "ಇನ್ನು ನಮ್ಮಿಂದಾಗದು" ಎಂದು ಎಷ್ಟು ದಿನದ ನೋಟಿಸಿನಲ್ಲಿ ಕಳುಹಿಸುತ್ತಾರೆ, ಇವೆಲ್ಲ ಬರಹದಲ್ಲಿರಬೇಕು.

ಕೊನೆಗಾಲದ ಮಾತನ್ನೂ ಮುಂಚೆಯೇ ಆಡಿಕೊಳ್ಳಬೇಕು. ನಡುರಾತ್ರಿ ಉಸಿರಾಟ ಕಷ್ಟವಾದರೆ ತೀವ್ರ ನಿಗಾ ಘಟಕಕ್ಕೆ ಒಯ್ಯಬೇಕೋ, ಇದ್ದಲ್ಲೇ ನೋವು ಶಮನ ಮಾಡುತ್ತಾ ನೋಡಿಕೊಳ್ಳಬೇಕೋ? ಹಿರಿಯರ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಇದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಹೊರಡಿಸಿತು. ತಿಳಿವಳಿಕೆ ಸ್ಪಷ್ಟವಾಗಿರುವಾಗಲೇ ಅವರನ್ನೇ ಕೇಳಿ ಬರೆಸುವುದು ಮುಖ್ಯ.

## ತಪ್ಪು ಕಂಡರೆ ಎಲ್ಲಿಗೆ ಹೋಗಬೇಕು?

ವಿವರಿಸಲಾಗದ ಕಂದುಗಾಯ, ತೂಕ ಇಳಿಯುವುದು, ಹಾಸಿಗೆ ಹುಣ್ಣು, ಯಾರಾದರೂ ಹತ್ತಿರ ಬಂದರೆ ಬೆದರುವುದು, ಸಹಾಯಕರ ಎದುರು ಮಾತು ನಿಲ್ಲಿಸುವುದು ಇವು ಎಚ್ಚರಿಕೆಯ ಗುರುತುಗಳು. ಫೋಟೋ ತೆಗೆದು, ದಿನಾಂಕ ಬರೆದು, ಮೊದಲು ಕೇಂದ್ರದ ಮುಖ್ಯಸ್ಥರಿಗೆ ಲಿಖಿತವಾಗಿ ಕೊಡಿ. ಪ್ರಾಣಕ್ಕೆ ಅಪಾಯ ಅಥವಾ ಹಲ್ಲೆಯ ಅನುಮಾನ ಇದ್ದರೆ ಅದಕ್ಕಾಗಿ ಕಾಯದೆ ಪೊಲೀಸರಿಗೆ ತಿಳಿಸಬೇಕು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಬೆಂಗಳೂರಿನಲ್ಲಿ 1090 ಹಿರಿಯರ ಸಹಾಯವಾಣಿ ಇದೆ. ರಾಜ್ಯ ಸರ್ಕಾರದಲ್ಲಿ ಈ ವಿಷಯ ನೋಡಿಕೊಳ್ಳುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಜಿಲ್ಲಾ ಮಟ್ಟದಲ್ಲಿ ಅದರ ಕಚೇರಿಗಳಿವೆ. ಹಣ ಪಡೆದು ಹೇಳಿದ ಸೇವೆ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು.

ಮಕ್ಕಳೇ ತೊರೆದಿದ್ದರೆ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನೇತೃತ್ವದ ನ್ಯಾಯಮಂಡಳಿಗೆ ಹಿರಿಯರು ತಾವೇ ಅರ್ಜಿ ಕೊಡಬಹುದು. ಅಶಕ್ತರಾಗಿದ್ದರೆ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ಸಂಘಸಂಸ್ಥೆ ಅವರ ಪರವಾಗಿ ಕೊಡಬಹುದು. ವೃದ್ಧಾಶ್ರಮದಲ್ಲಿದ್ದರೂ ಈ ಹಕ್ಕು ಇದ್ದೇ ಇರುತ್ತದೆ.